ಸ್ಯಾಂಕ್ಷನ್: ಒಂದು ಪದ, ಎರಡು ವಿರುದ್ಧಾರ್ಥಗಳು

ಆಂಗ್ಲ ಭಾಷೆಯ ‘ಸ್ಯಾಂಕ್ಷನ್’ ಎಂಬ ಪದವು ನಮ್ಮ ನಿತ್ಯ ವ್ಯವಹಾರದಲ್ಲಿ ಬೆರೆತುಹೋಗಿದೆ. ಸಾಲ, ರಜೆ, ಕಟ್ಟಡದ ನಕ್ಷೆ ಇವು ‘ಸ್ಯಾಂಕ್ಷನ್’ ಆದವು ಎಂದರೆ ಮಂಜೂರಾದವು ಎಂದರ್ಥ. ಆದರೆ ಒಂದು ರಾಷ್ಟ್ರದ ಮೇಲೆ ‘ಸ್ಯಾಂಕ್ಷನ್ಸ್’ ಹೇರಲಾಯಿತು ಎಂಬಲ್ಲಿ ಅದೇ ಪದ ದಂಡನೆಯನ್ನು ಸೂಚಿಸುತ್ತದೆ.

ಮೂಲ: ಪವಿತ್ರಗೊಳಿಸು, ವಿಧ್ಯುಕ್ತವಾಗಿ ಸ್ಥಿರಪಡಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಈ ಪದ ಹುಟ್ಟಿದೆ. ಸಂತ ಎಂಬರ್ಥದ ‘ಸೇಂಟ್’ ಕೂಡ ಇದೇ ಮೂಲದ್ದು. ಶಾಸನವನ್ನು ಸ್ಥಿರಪಡಿಸುವುದೆಂದರೆ ಅದಕ್ಕೆ ಸಮ್ಮತಿಯ ಮುದ್ರೆ ಒತ್ತುವುದು. ಜೊತೆಗೆ ಅದನ್ನು ಮೀರಿದವರಿಗೆ ಶಿಕ್ಷೆಯನ್ನು ವಿಧಿಸುವುದು. ಎರಡು ಅರ್ಥಗಳೂ ಕವಲೊಡೆದದ್ದು ಇಲ್ಲಿಯೇ.

ನ್ಯಾಯಶಾಸ್ತ್ರದಲ್ಲಿ: ಕಾನೂನೆಂದರೆ ಶಿಕ್ಷೆಯ ಭಯದ ಬೆಂಬಲವುಳ್ಳ ಸಾರ್ವಭೌಮನ ಆಜ್ಞೆ ಎಂದು 1832ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಜಾನ್ ಆಸ್ಟಿನ್, ಆ ಶಿಕ್ಷೆಯನ್ನೇ ‘ಸ್ಯಾಂಕ್ಷನ್’ ಎಂದು ಕರೆದರು. ಭಾರತದ 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮಿನಲ್ಲಾದರೋ, ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ನಡೆಸಲು ಬೇಕಾದ ಪೂರ್ವಾನುಮತಿಯೇ ‘ಸ್ಯಾಂಕ್ಷನ್’.

ಅಂತಾರಾಷ್ಟ್ರೀಯ ವ್ಯವಹಾರದಲ್ಲಿ: ಇಟಲಿಯು 1935ರಲ್ಲಿ ಇಥಿಯೋಪಿಯಾದ ಮೇಲೆ ಆಕ್ರಮಣ ಮಾಡಿದಾಗ ರಾಷ್ಟ್ರಸಂಘವು ಅದರ ವಿರುದ್ಧ ಆರ್ಥಿಕ ನಿರ್ಬಂಧಗಳನ್ನು ಜಾರಿಗೊಳಿಸಿತು. ಕುವೈತನ್ನು ಆಕ್ರಮಿಸಿದ ಇರಾಕಿನ ಮೇಲೆ 1990ರಲ್ಲಿ ವಿಶ್ವಸಂಸ್ಥೆ, ಪೋಖ್ರಾನ್ ಅಣುಪರೀಕ್ಷೆಯ ತರುವಾಯ 1998ರಲ್ಲಿ ಭಾರತದ ಮೇಲೆ ಅಮೆರಿಕ ಮತ್ತು ಜಪಾನ್ ಇಂತಹ ಕ್ರಮ ಕೈಗೊಂಡವು.

ಗುರುತಿಸುವ ಬಗೆ: ಬಹುವಚನದಲ್ಲಿ ಬಂದರೆ ಸಾಮಾನ್ಯವಾಗಿ ನಿರ್ಬಂಧವೆಂದೇ ಅರ್ಥ. ತೊಡಕಿರುವುದು ಕ್ರಿಯಾಪದದಲ್ಲಿ. ಸರ್ಕಾರವು ಒಂದು ಯೋಜನೆಯನ್ನು ‘ಸ್ಯಾಂಕ್ಷನ್’ ಮಾಡಿದರೆ ಅದು ಅನುಮೋದನೆ. ಒಂದು ಸಂಸ್ಥೆಯನ್ನು ‘ಸ್ಯಾಂಕ್ಷನ್’ ಮಾಡಿದರೆ ಬಹುಶಃ ದಂಡನೆ. ಇಲ್ಲಿ ಸಂದರ್ಭವೇ ಪ್ರಮಾಣ.

ಕನ್ನಡದಲ್ಲಿ: ನಮ್ಮ ಭಾಷೆಯಲ್ಲಿ ಈ ಗೊಂದಲವಿಲ್ಲ. ಒಪ್ಪಿಗೆಗೆ ಮಂಜೂರಾತಿ, ಅನುಮೋದನೆ, ಸಮ್ಮತಿ. ದಂಡನೆಗೆ ನಿರ್ಬಂಧ, ದಿಗ್ಬಂಧನ ಎಂಬ ಪ್ರತ್ಯೇಕ ಪದಗಳಿವೆ. ಅರಬ್ಬಿ ಮೂಲದ ‘ಮಂಜೂರು’ ಪಾರಸಿಯ ಮೂಲಕ ಬಂದುದು. ಮುಂಬಯಿ, ಪುಣೆಗಳ ಕನ್ನಡಿಗರಿಗೆ ಅದರ ಮರಾಠಿ ರೂಪ ‘ಮಂಜುರಿ’ಯೂ ಪರಿಚಿತವೇ. ಆದ್ದರಿಂದ ಅನುವಾದಕರು ಆಂಗ್ಲ ಪದವನ್ನು ಹಾಗೆಯೇ ಉಳಿಸದೆ, ಅರ್ಥವನ್ನು ನಿರ್ಧರಿಸಿಕೊಂಡು ತಕ್ಕ ಕನ್ನಡ ಪದವನ್ನು ಬಳಸುವುದು ಲೇಸು. ನಿರ್ಬಂಧಕ್ಕೊಳಗಾದ ಸಂಸ್ಥೆಯನ್ನು ಮಾನ್ಯತೆ ಪಡೆದ ಸಂಸ್ಥೆಯೆಂದು ಬರೆದರೆ, ವಾರ್ತೆಯ ಅರ್ಥವೇ ತಲೆಕೆಳಗಾದೀತು.