ಹಾಳೆತಟ್ಟೆಯ ಯಂತ್ರ ನಡೆದು ಬಂದ ದಾರಿ

ಬಂಟ್ವಾಳ ತಾಲೂಕಿನ ಪಾಣೆಮಂಗಳೂರಿನಿಂದ ಕಲ್ಲಡ್ಕ ದಾಟಿ ವಿಟ್ಲದ ಕಡೆಗೆ ಹೋದರೆ ಕಣ್ಣಿಗೆ ಬೀಳುವುದು ಅಡಿಕೆ ತೋಟಗಳೇ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ, ಅಂದರೆ ಮೂರು ಸಾವಿರದಷ್ಟು ಹಾಳೆ. ತೋಟದಲ್ಲೇ ಕರಗಿ ಗೊಬ್ಬರವಾಗುತ್ತಿದ್ದ ಈ ಹಾಳೆಗೆ ಮಾರುಕಟ್ಟೆ ತಂದುಕೊಟ್ಟದ್ದು ಕಾದ ಅಚ್ಚಿನಲ್ಲಿ ಒತ್ತುವ ಯಂತ್ರ.

ಯಂತ್ರಕ್ಕೂ ಮೊದಲೇ ತುಳುನಾಡಿಗೆ ಹಾಳೆ ಬೇಕಾದ ವಸ್ತುವಾಗಿತ್ತು. ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ, ಎಳೆಗೂಸನ್ನು ಮಲಗಿಸಿ ಮೀಯಿಸಲು ಅಗಲದ ಹಾಳೆ. ಇವೆಲ್ಲ ಮಡಚಿ, ಹೊಲಿದು, ಕತ್ತರಿಸಿ ಮಾಡಿದವು. ಒಣಗಿದ ಹಾಳೆ ಗಡುಸು. ಬಲವಂತವಾಗಿ ಬಗ್ಗಿಸಿದರೆ ಸೀಳುತ್ತದೆ. ನೆನೆಸಿದರೆ ಮೆತ್ತಗಾಗುತ್ತದೆ, ಆದರೆ ಆಕಾರ ಹಿಡಿದು ನಿಲ್ಲುವುದಿಲ್ಲ. ನೆನೆದ ಹಾಳೆಯನ್ನು ಒತ್ತಡದಲ್ಲಿಟ್ಟೇ ಕಾಯಿಸಿ ಒಣಗಿಸಿದರೆ ನಾರು ಅಚ್ಚಿನ ರೂಪಕ್ಕೆ ಕೂರುತ್ತದೆ. ಅಂಟಾಗಲಿ ಬಣ್ಣವಾಗಲಿ ಬೇಡ. ಈ ಉದ್ಯಮವೆಲ್ಲ ನಿಂತಿರುವುದು ಇಷ್ಟರ ಮೇಲೆ.

ಎಲೆ ಒತ್ತುವ ಯಂತ್ರ ಕರ್ನಾಟಕಕ್ಕೆ ಹೊಸತಾಗಿರಲಿಲ್ಲ. ಎಲೆದೊನ್ನೆ ಒತ್ತುವ ಸರಳ ಯಂತ್ರವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ರೂಪಿಸಿತ್ತು. ಹಾಳೆ ಎಲೆಗಿಂತ ದಪ್ಪ, ಹಾಗಾಗಿ ಹೆಚ್ಚು ಒತ್ತಡ ಬೇಡುತ್ತದೆ. ಹಾಳೆ ಒತ್ತುವ ಮೊದಲ ಯಂತ್ರಗಳು ಕೈಯಿಂದ ತಿರುಗಿಸುವ ಅಥವಾ ಕಾಲಿನಿಂದ ಮೆಟ್ಟುವಂಥವು. ಮನೆಯ ಚಾವಡಿಯಲ್ಲೋ ಶೆಡ್ಡಿನಲ್ಲೋ ಇಟ್ಟು, ಗ್ಯಾಸಿನಿಂದಲೋ ವಿದ್ಯುತ್ ಕಾಯಿಲಿನಿಂದಲೋ ಅಚ್ಚು ಕಾಯಿಸಿ ಕೆಲಸ ಮಾಡಬಹುದಿತ್ತು.

ಮುಂದಿನ ಸುಧಾರಣೆ ಶಾಖದ್ದು. ಕಾವು ಕಡಿಮೆಯಾದರೆ ತೇವ ಉಳಿದು ತಟ್ಟೆ ಸೊಟ್ಟಗಾಗುತ್ತದೆ, ನಾಲ್ಕು ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಹೆಚ್ಚಾದರೆ ಕಂದುತ್ತದೆ. ಥರ್ಮೋಸ್ಟಾಟ್ ಬಂದ ಮೇಲೆ ಈ ಹದ ಒತ್ತುವವರ ಅಂದಾಜಿನಿಂದ ಯಂತ್ರಕ್ಕೆ ದಾಟಿತು. ಆಮೇಲೆ ಬಂದ ಹೈಡ್ರಾಲಿಕ್ ಯಂತ್ರಗಳಲ್ಲಿ ಹಲವು ಅಚ್ಚುಗಳು ಒಟ್ಟಿಗೆ ಇಳಿಯುತ್ತವೆ. ಕಾಲಿನ ದಣಿವು ಹೋಯಿತು, ತ್ರೀ ಫೇಸ್ ವಿದ್ಯುತ್ತಿನ ಅವಲಂಬನೆ ಬಂತು. ದೊಡ್ಡ ತಟ್ಟೆ ಒತ್ತಿ ಉಳಿದ ಅಂಚಿನಲ್ಲಿ ಸಣ್ಣ ಬಟ್ಟಲು ಒತ್ತುವ ಕ್ರಮ ಬೆಳೆಯಿತು. ಅದಕ್ಕೂ ಮಿಕ್ಕ ಚೂರು ಗೊಬ್ಬರಕ್ಕೆ.

ಬೇಡಿಕೆಯನ್ನು ಹಿಗ್ಗಿಸಿದ್ದು ಕಾನೂನು. ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕರ್ನಾಟಕ 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಮದುವೆ, ಗೃಹಪ್ರವೇಶದ ಊಟಕ್ಕೆ ಹಾಳೆತಟ್ಟೆ ಬಂದಂತೆ ಹಡಗು ಹತ್ತಿ ಹೊರದೇಶಕ್ಕೂ ಹೋಯಿತು.

ಪೆಟ್ಟು ಬಿದ್ದದ್ದೂ ಅಲ್ಲಿಂದಲೇ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆ ಒಡ್ಡಿತು. ಹಾಳೆಯಲ್ಲಿರುವ ಆಲ್ಕಲಾಯ್ಡ್‌ಗಳು ಊಟಕ್ಕೆ ಸೇರಬಹುದು ಎಂಬುದು ಅದರ ಆಕ್ಷೇಪ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು 2004ರಲ್ಲೇ ಪ್ರಕಟಿಸಿತ್ತು. ಅಡಿಕೆ ಜಗಿಯುವುದು ಬೇರೆ, ಹಾಳೆಯಲ್ಲಿ ಉಣ್ಣುವುದು ಬೇರೆ, ನಿಜ. ಆದರೆ ಆ ವ್ಯತ್ಯಾಸ ಎಷ್ಟೆಂದು ಅಂಕಿಯಲ್ಲಿ ತೋರಿಸಬೇಕಾದವರು ನಾವೇ.

ಈ ದಾರಿಯನ್ನು ಹಿಂತಿರುಗಿ ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಒತ್ತಡ, ಕಾವು, ವೇಗ ಎಲ್ಲವನ್ನೂ ತಿದ್ದಿದೆವು. ಅಚ್ಚಿನಡಿ ಇಡುವ ಹಾಳೆಯತ್ತ ಅಷ್ಟೇ ಕಾಳಜಿಯಿಂದ ನೋಡಲಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತು ಹಾಳೆಗೂ ತಗಲುತ್ತದೆ. ಬೇಸಗೆಯ ಸ್ವಚ್ಛ ಹಾಳೆಯನ್ನೇ ಆಯ್ದು ಒಣಗಿಸಿಡುವುದು ಕಡ್ಡಾಯ ನಿಯಮವಾಗಬೇಕು. ನೆನೆಸಿ ತೊಳೆದರೆ ಆಲ್ಕಲಾಯ್ಡ್ ಎಷ್ಟು ಇಳಿಯುತ್ತದೆ, ಕಾದ ಅಚ್ಚಿನಲ್ಲಿ ಎಷ್ಟು ಉಳಿಯುತ್ತದೆ, ಬಿಸಿ ಸಾರು, ಹುಳಿ, ಪಾಯಸಕ್ಕೆ ಎಷ್ಟು ಬಿಡುತ್ತದೆ ಎಂಬುದನ್ನು ಅಳೆದು, ಫಲಿತಾಂಶ ಅನುಕೂಲವಾಗಿರಲಿ ಬಿಡಲಿ, ಎಲ್ಲರ ಮುಂದಿಡಬೇಕು. ಬಂಟ್ವಾಳ ತಾಲೂಕಿನದೇ ಆದ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಒತ್ತುವವರ ಅನುಭವವೂ ಅಲ್ಲಿನ ವಿಜ್ಞಾನವೂ ಜೊತೆಗೂಡಿ ನಂಬಬಹುದಾದ ಒಂದು ಮಾನದಂಡ ಕೊಟ್ಟರೆ, ಮನೆಯಂಗಳದ ಈ ಉದ್ಯಮ ಯಾವ ದೇಶದ ಪರೀಕ್ಷೆಗೂ ಹೆದರಬೇಕಾಗಿಲ್ಲ. ತಟ್ಟೆಯಲ್ಲಿ ಮೊದಲು ಉಣ್ಣುವವರು ನಮ್ಮ ಮನೆಯವರೇ. ಅವರಿಗಾಗಿಯಾದರೂ ಈ ಕೆಲಸ ತಡವಾಗಬಾರದು.