ಗಂಟೆಗೆ ಎಷ್ಟು, ತಿಂಗಳಿಗೆ ಎಷ್ಟು ಗಂಟೆ: ಅಗ್ಗದ ವಿಮಾನಗಳ ಪೈಲಟ್ ಸಂಬಳ

ಅಗ್ಗದ ಟಿಕೆಟ್ ಮಾರುವ ಕಂಪನಿ ಪೈಲಟ್‌ಗೂ ಕಡಿಮೆ ಸಂಬಳವನ್ನೇ ಕೊಡುತ್ತಿರಬೇಕು ಎಂದು ಹೆಚ್ಚಿನವರು ಅಂದುಕೊಂಡಿರುತ್ತಾರೆ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. ಈಗ ಗಂಟೆಯ ದರಪಟ್ಟಿ ಹಿಡಿದು ಹೋಲಿಸಿದರೆ ಮೊದಲಿನಷ್ಟು ಅಂತರ ಕಾಣುವುದಿಲ್ಲ. ತಿಂಗಳಿಗೆ ಎಷ್ಟು ಗಂಟೆಯ ಹಣ ಖಾತ್ರಿ, ವಿಶ್ರಾಂತಿ ಎಷ್ಟು, ತರಬೇತಿಯ ಖರ್ಚು ಯಾರ ತಲೆಯ ಮೇಲೆ, ಕೆಲಸ ಬಿಡಬೇಕೆಂದರೆ ಎಷ್ಟು ತಿಂಗಳು ಕಾಯಬೇಕು ಎಂದು ಕೇಳುತ್ತಾ ಹೋದಾಗ ಅಂತರ ಒಂದೊಂದಾಗಿ ಹೊರಬರುತ್ತದೆ.

ಪೈಲಟ್ ಸಂಬಳದ ಲೆಕ್ಕ ಉಳಿದ ನೌಕರಿಗಳಂತಲ್ಲ. ಅಮೆರಿಕದ ಪೈಲಟ್‌ಗಳು 1931ರಲ್ಲಿ ಸಂಘ ಕಟ್ಟಿದರು. 1934ರಲ್ಲಿ ಅಲ್ಲಿನ ಕಾರ್ಮಿಕ ಮಂಡಳಿ ಕೊಟ್ಟ ತೀರ್ಪೊಂದು ಮೂಲ ವೇತನದ ಜೊತೆಗೆ ಹಾರಿದ ಗಂಟೆ ಮತ್ತು ವಿಮಾನದ ವೇಗವನ್ನೂ ಲೆಕ್ಕಕ್ಕೆ ಸೇರಿಸಿತು, ತಿಂಗಳಿಗೆ 85 ಗಂಟೆಯ ಮಿತಿ ಹಾಕಿತು. ಮುಂದೆ ವಿಮಾನದ ತೂಕವೂ ಸೇರಿತು. ವಿಮಾನ ದೊಡ್ಡದಾದಷ್ಟೂ ಸಂಬಳ ದೊಡ್ಡದು ಎಂಬ ಪದ್ಧತಿ ಬೇರೂರಿದ್ದು ಹೀಗೆ. ಒಂದೇ ಮಾದರಿಯ ಬೋಯಿಂಗ್ 737 ಅಥವಾ ಏರ್‌ಬಸ್ ಎ320 ಇಟ್ಟುಕೊಂಡ ಅಗ್ಗದ ಕಂಪನಿಯಲ್ಲಿ ಕ್ಯಾಪ್ಟನ್ ಆದ ಮೇಲೆ ಹತ್ತಲು ಮತ್ತೊಂದು ಮೆಟ್ಟಿಲೇ ಇರುವುದಿಲ್ಲ.

ಗಂಟೆಯನ್ನು ಎಣಿಸುವ ರೀತಿಯನ್ನೂ ನೋಡಬೇಕು. ವಿಮಾನ ನಿಂತ ಜಾಗದಿಂದ ಅಲುಗಿದ ಕ್ಷಣದಿಂದ ಮತ್ತೆ ಬಂದು ನಿಲ್ಲುವವರೆಗಿನ ಅವಧಿ ‘ಬ್ಲಾಕ್ ಟೈಮ್’. ಹಾರಾಟದ ಭತ್ಯೆ ಸಾಮಾನ್ಯವಾಗಿ ಅಷ್ಟಕ್ಕೇ. ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರು, ಚೆನ್ನೈಯಂಥ ಊರುಗಳಿಗೆ ದಿನಕ್ಕೆ ನಾಲ್ಕು ಬಾರಿ ಹಾರುವ ಪೈಲಟ್ ಸುಮಾರು ಒಂದು ಗಂಟೆ ಮೊದಲೇ ಹಾಜರಿ ಹಾಕಬೇಕು. ನಡುವಿನ ಮೂರು ನಿಲುಗಡೆಗಳಲ್ಲಿ ಇಂಧನ, ಹವಾಮಾನ, ತೂಕದ ಕಾಗದಪತ್ರ ನೋಡಬೇಕು. ಏಳೆಂಟು ಗಂಟೆಯ ದುಡಿಮೆಯಲ್ಲಿ ಭತ್ಯೆ ಸಿಗುವುದು ನಾಲ್ಕೈದು ಗಂಟೆಗೆ. ಬೆಂಗಳೂರಿನಿಂದ ಲಂಡನ್‌ಗೆ ಹೋಗುವ ಪೈಲಟ್‌ಗಾದರೋ ದುಡಿದ ಅವಧಿಯ ಬಹುಪಾಲು ಭತ್ಯೆಯ ಲೆಕ್ಕಕ್ಕೆ ಬರುತ್ತದೆ. ದರ ಒಂದೇ ಇದ್ದರೂ ದಣಿವಿಗೆ ಸಿಗುವ ಬೆಲೆ ಬೇರೆ.

1978ರಲ್ಲಿ ಅಮೆರಿಕ ವಿಮಾನಯಾನದ ಮೇಲಿನ ದರ ನಿಯಂತ್ರಣ ತೆಗೆದುಹಾಕಿದಾಗ ಹೊಸ ಕಂಪನಿಗಳು ಮೊದಲು ಕೈಹಾಕಿದ್ದು ಸಂಬಳಕ್ಕೆ. 1981ರಲ್ಲಿ ನೆವಾರ್ಕ್‌ನಿಂದ ಹಾರಾಟ ಶುರುಮಾಡಿದ ಪೀಪಲ್ ಎಕ್ಸ್‌ಪ್ರೆಸ್ ತನ್ನ ಪೈಲಟ್‌ಗಳಿಗೆ ‘ಫ್ಲೈಟ್ ಮ್ಯಾನೇಜರ್’ ಎಂಬ ಹುದ್ದೆ ಕೊಟ್ಟಿತು. ಹಾರಾಟ ಇಲ್ಲದಾಗ ನೆಲದ ಕೆಲಸವನ್ನೂ ಅವರೇ ನೋಡಿಕೊಳ್ಳಬೇಕಿತ್ತು. ಹಳೆಯ ಕಂಪನಿಗಳು ಕೈಕಟ್ಟಿ ಕೂರಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಕಾಂಟಿನೆಂಟಲ್ ದಿವಾಳಿ ಕೋರ್ಟಿಗೆ ಹೋಯಿತು. ಕಾರ್ಮಿಕ ಒಪ್ಪಂದ ಹರಿದು, ಕೆಲವೇ ದಿನಗಳಲ್ಲಿ ಪೈಲಟ್ ಸಂಬಳವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿ ಮತ್ತೆ ಹಾರತೊಡಗಿತು. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಹೊಸಬರಿಗೆ ಬೇರೆಯೇ ಆದ ಕೆಳದರ್ಜೆಯ ವೇತನಶ್ರೇಣಿ ತಂದಿತು. ಒಂದೇ ಕಾಕ್‌ಪಿಟ್‌ನಲ್ಲಿ ಕೂತ ಇಬ್ಬರಿಗೆ ಎರಡು ನ್ಯಾಯ! 1985ರಲ್ಲಿ ಯುನೈಟೆಡ್ ಇದನ್ನೇ ತರಲು ಹೋದಾಗ ಪೈಲಟ್‌ಗಳು 29 ದಿನ ಮುಷ್ಕರ ಹೂಡಿದರು.

ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಸೌತ್‌ವೆಸ್ಟ್. 1971ರಲ್ಲಿ ಟೆಕ್ಸಾಸ್‌ನ ಮೂರು ಊರುಗಳ ನಡುವೆ ಹಾರಾಟ ಆರಂಭಿಸಿದ ಈ ಕಂಪನಿ ಉಳಿತಾಯ ಮಾಡಿದ್ದು ಸಂಬಳ ಕತ್ತರಿಸಿ ಅಲ್ಲ, ಸಮಯ ಉಳಿಸಿ. ಬಂದಿಳಿದ ವಿಮಾನ ಬೇಗ ಮೇಲೇರಿದರೆ ಅದೇ ವಿಮಾನ, ಅದೇ ಪೈಲಟ್ ಹೆಚ್ಚು ಪ್ರಯಾಣಿಕರನ್ನು ಸಾಗಿಸುತ್ತಾರೆ. ಅಲ್ಲಿ ಸಂಬಳ ಗಂಟೆಯ ಮೇಲಲ್ಲ, ‘ಟ್ರಿಪ್’ ಮೇಲೆ. 243 ಮೈಲಿಯ ಹಾರಾಟ ಒಂದು ಟ್ರಿಪ್‌ಗೆ ಸಮ. 1995ರ ಹೊತ್ತಿಗೆ ಪೈಲಟ್‌ಗಳು ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಮೊದಲ ಐದು ವರ್ಷ ದರ ಏರುವುದಿಲ್ಲ, ಬದಲಿಗೆ ಕಂಪನಿಯ ಷೇರು ಕೊಳ್ಳುವ ಹಕ್ಕು. ಮುಖ್ಯಸ್ಥ ಹರ್ಬ್ ಕೆಲ್ಲೆಹರ್ ತನ್ನ ಸಂಬಳವನ್ನೂ ಏರಿಸಿಕೊಳ್ಳಲಿಲ್ಲ.

ಆಮೇಲೆ ಬಂತು 2001ರ ಸೆಪ್ಟೆಂಬರ್‌ನ ಉಗ್ರರ ದಾಳಿ. ಯುನೈಟೆಡ್, ಯುಎಸ್ ಏರ್‌ವೇಸ್, ಡೆಲ್ಟಾ, ನಾರ್ತ್‌ವೆಸ್ಟ್ ಒಂದರ ಹಿಂದೊಂದು ದಿವಾಳಿ ಕೋರ್ಟಿನ ಬಾಗಿಲು ತಟ್ಟಿದವು, ಪೈಲಟ್ ಸಂಬಳ ನೆಲಕಚ್ಚಿತು. 2005ರಲ್ಲಿ ಯುನೈಟೆಡ್ ತನ್ನ ಪಿಂಚಣಿಯ ಹೊರೆಯನ್ನು ಸರ್ಕಾರಿ ವಿಮಾ ನಿಗಮಕ್ಕೆ ದಾಟಿಸಿ ಕೈತೊಳೆದುಕೊಂಡಿತು. 2009ರ ಜನವರಿಯಲ್ಲಿ ಹಡ್ಸನ್ ನದಿಯ ಮೇಲೆ ವಿಮಾನವಿಳಿಸಿ 155 ಜೀವ ಉಳಿಸಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಮರುತಿಂಗಳೇ ಸಂಸತ್ತಿನ ಸಮಿತಿಯ ಮುಂದೆ ಹೇಳಿದ್ದು, ತನ್ನ ಸಂಬಳ ಶೇ 40ರಷ್ಟು ಕಡಿತವಾಗಿದೆ, ಪಿಂಚಣಿಯೂ ಹೋಗಿದೆ ಎಂದು. ಅವರು ದೊಡ್ಡ ಕಂಪನಿಯ ಪೈಲಟ್. ಅಷ್ಟರಲ್ಲಿ 737 ಹಾರಿಸುವವರ ಪೈಕಿ ಅಗ್ಗದ ಸೌತ್‌ವೆಸ್ಟ್‌ನವರ ದರ ಈ ದೊಡ್ಡವರನ್ನು ಹಿಂದೆ ಹಾಕಿತ್ತು.

ನಿಜವಾದ ಬಡತನವಿದ್ದದ್ದು ಬೇರೆಡೆ. ದೊಡ್ಡ ಕಂಪನಿಗಳ ಹೆಸರು, ಬಣ್ಣ ಹೊತ್ತು ಸಣ್ಣ ಊರುಗಳಿಗೆ ಹಾರುವ ಗುತ್ತಿಗೆ ಸಂಸ್ಥೆಗಳಲ್ಲಿ. 2009ರ ಫೆಬ್ರುವರಿಯಲ್ಲಿ ಬಫಲೋ ಬಳಿ ಕಾಂಟಿನೆಂಟಲ್ ಹೆಸರಿನಲ್ಲಿ ಹಾರುತ್ತಿದ್ದ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಸಹಪೈಲಟ್‌ಗೆ ವರ್ಷಕ್ಕೆ ಸಿಗುತ್ತಿದ್ದುದು ಸುಮಾರು 16,000 ಡಾಲರ್ ಎಂಬುದು ವಿಚಾರಣೆಯಲ್ಲಿ ಹೊರಬಂತು. ಈ ದುರಂತದ ಬಳಿಕ ಬಂದ 2010ರ ಕಾನೂನಿನ ಫಲವಾಗಿ, 2013ರಿಂದ ಸಹಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆಯ ಅನುಭವ ಕಡ್ಡಾಯವಾಯಿತು. ಕೋವಿಡ್ ವೇಳೆ ಸಾವಿರಾರು ಹಿರಿಯರು ಅವಧಿಗೆ ಮುಂಚೆ ನಿವೃತ್ತರಾಗಿ ಪೈಲಟ್ ಕೊರತೆ ಹೆಚ್ಚಿತು. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಉಪಸಂಸ್ಥೆಗಳು ಹೊಸ ಸಹಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡತೊಡಗಿದವು. 2023ರಲ್ಲಿ ಡೆಲ್ಟಾ ನಾಲ್ಕು ವರ್ಷಕ್ಕೆ ಶೇ 34, ಯುನೈಟೆಡ್ ಶೇ 40ರವರೆಗೆ ಏರಿಕೆ ಒಪ್ಪಿಕೊಂಡವು. 2024ರ ಜನವರಿಯಲ್ಲಿ ಸೌತ್‌ವೆಸ್ಟ್ ಹಂತಹಂತವಾಗಿ ಸುಮಾರು ಶೇ 50 ಏರಿಸುವ ಒಪ್ಪಂದಕ್ಕೆ ಬಂತು. ಕಡುಅಗ್ಗದ ಸ್ಪಿರಿಟ್ ಕೂಡ ಪೈಲಟ್‌ಗಳನ್ನು ಉಳಿಸಿಕೊಳ್ಳಲು ಇದೇ ಹಾದಿ ಹಿಡಿಯಿತು. 2024ರ ನವೆಂಬರ್‌ನಲ್ಲಿ ಅದು ದಿವಾಳಿ ರಕ್ಷಣೆ ಕೋರಿದ್ದಕ್ಕೆ ಸಂಬಳವೊಂದೇ ಕಾರಣವಲ್ಲ. ಎಂಜಿನ್ ದೋಷದಿಂದ ವಿಮಾನಗಳು ನೆಲಹಿಡಿದಿದ್ದವು, ಜೆಟ್‌ಬ್ಲೂ ಜೊತೆಗಿನ ವಿಲೀನವನ್ನು ಕೋರ್ಟು ತಡೆದಿತ್ತು.

ಯುರೋಪಿನ ರಯಾನ್‌ಏರ್ ಬೇರೆ ದಾರಿ ಹಿಡಿದಿತ್ತು: ಅದರ ಬಹಳಷ್ಟು ಪೈಲಟ್‌ಗಳು ಏಜೆನ್ಸಿಗಳ ಮೂಲಕ ದುಡಿಯುವ, ಹಾರಿದಷ್ಟಕ್ಕೇ ಹಣ ಪಡೆಯುವ ಗುತ್ತಿಗೆದಾರರು. 2017ರಲ್ಲಿ ಪಾಳಿಪಟ್ಟಿ ಕುಸಿದು ಸಾವಿರಾರು ಹಾರಾಟ ರದ್ದಾದ ಮೇಲಷ್ಟೇ ಅದು ಸಂಘಗಳನ್ನು ಮಾನ್ಯಮಾಡಲು ಒಪ್ಪಿತು.

ಭಾರತದಲ್ಲಿ ಅಗ್ಗದ ಹಾರಾಟ ಹುಟ್ಟಿದ್ದು ನಮ್ಮ ನೆಲದಲ್ಲೇ. 2003ರ ಆಗಸ್ಟ್‌ನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೊದಲ ಹಾರಾಟ ನಡೆಸಿತು. 2005ರಲ್ಲಿ ಸ್ಪೈಸ್‌ಜೆಟ್, ಗೋಏರ್, ಜೊತೆಗೆ ಅಗ್ಗದ್ದಲ್ಲದ ಕಿಂಗ್‌ಫಿಷರ್, 2006ರಲ್ಲಿ ಇಂಡಿಗೊ. ಎಲ್ಲರಿಗೂ ಒಮ್ಮೆಗೇ ಕ್ಯಾಪ್ಟನ್‌ಗಳು ಬೇಕಾದರು, ವಿದೇಶಿಯರನ್ನೂ ಕರೆತಂದರು. ಊಟ ಕೊಡದ ಕಂಪನಿಯಾದರೂ ಪೈಲಟ್‌ಗೆ ಮಾರುಕಟ್ಟೆಯ ದರ ಕೊಡಲೇಬೇಕಾಯಿತು. ಅಮೆರಿಕದಲ್ಲಿ ದಶಕಗಳು ಹಿಡಿದ ಹೊಂದಾಣಿಕೆ ಇಲ್ಲಿ ಕೆಲವೇ ವರ್ಷಗಳಲ್ಲಿ ಆಯಿತು.

ದೊಡ್ಡ ಕಂಪನಿಯ ಸಂಬಳ ಭದ್ರ ಎಂಬ ನಂಬಿಕೆಯೂ ಇಲ್ಲೇ ಮುರಿದುಬಿತ್ತು. 2011ರಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾಗಿದ್ದ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳು ಸಮಾನ ವೇತನಕ್ಕಾಗಿ ಮುಷ್ಕರಕ್ಕಿಳಿದರು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ಪೈಲಟ್‌ಗಳಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಜೆಟ್‌ನ ಅನೇಕರು ಅಗ್ಗದ ಕಂಪನಿಗಳನ್ನೇ ಸೇರಬೇಕಾಯಿತು.

ಖಾತ್ರಿ ಗಂಟೆಯ ಬೆಲೆ ಎಲ್ಲರಿಗೂ ಗೊತ್ತಾದದ್ದು 2024ರಲ್ಲಿ. ಟಾಟಾ ಸಮೂಹ ‘ವಿಸ್ತಾರ’ ವಿಮಾನ ಕಂಪನಿಯನ್ನು ಏರ್ ಇಂಡಿಯಾದಲ್ಲಿ ವಿಲೀನಗೊಳಿಸುವ ಮುನ್ನ ಪೈಲಟ್‌ಗಳಿಗೆ ಹೊಸ ಒಪ್ಪಂದ ಕೊಟ್ಟಿತು. ತಿಂಗಳಿಗೆ 70 ಗಂಟೆಗೆ ಖಾತ್ರಿಯಿದ್ದ ಹಣ 40 ಗಂಟೆಗೆ ಇಳಿಯಿತು. ಅದಕ್ಕಿಂತ ಹೆಚ್ಚು ಹಾರಿದರೆ ಪ್ರತ್ಯೇಕ ಭತ್ಯೆ. ಕಂಪನಿಯ ಕಣ್ಣಿಗೆ ಇದು ದುಡಿದವನಿಗೆ ಹೆಚ್ಚು ಕೊಡುವ ಪದ್ಧತಿ. ಪೈಲಟ್ ಕಣ್ಣಿಗೆ, ಜ್ವರ ಬಂದ ವಾರ, ವಿಮಾನ ರಿಪೇರಿಗೆ ನಿಂತ ವಾರ ಎಲ್ಲವೂ ತನ್ನ ಜೇಬಿನಿಂದ ಹೋಗುವ ಹಣ. ಏಪ್ರಿಲ್ ಹೊತ್ತಿಗೆ ಅನೇಕರು ರಜೆ ಹಾಕಿದರು, ವಿಸ್ತಾರ ತನ್ನ ಹಾರಾಟವನ್ನು ಶೇ 10ರಷ್ಟು ತಗ್ಗಿಸಬೇಕಾಯಿತು. ಪೈಲಟ್‌ಗಳು ಕೇಳಿದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆರೋಗ್ಯ ಸರಿಯಿಲ್ಲ ಎಂದು ಹೇಳಲು ಹಿಂಜರಿಯುವಂತೆ ಮಾಡುವ ವೇತನ ಪದ್ಧತಿ ಪ್ರಯಾಣಿಕನಿಗೂ ಕ್ಷೇಮವಲ್ಲ.

ಹೊಸಬರ ಪಾಡು ಇನ್ನೂ ಕಷ್ಟ. ಹೊಸ ಪೈಲಟ್‌ಗಳನ್ನು ತಯಾರುಮಾಡುವ ಕೆಲವು ಕೆಡೆಟ್ ಕಾರ್ಯಕ್ರಮಗಳ ಶುಲ್ಕ ಕೋಟಿ ರೂಪಾಯಿಯ ಆಸುಪಾಸಿಗೆ ಬಂದಿದೆ. ಸಹಪೈಲಟ್‌ನ ಮೊದಲ ವರ್ಷಗಳ ದುಡಿಮೆಯ ದೊಡ್ಡ ಪಾಲು ಸಾಲದ ಕಂತಿಗೇ ಸಲ್ಲುತ್ತದೆ. ಕ್ಯಾಪ್ಟನ್ ಸಂಬಳ ಕಂಡು ಈ ವೃತ್ತಿಗೆ ಮಗನನ್ನೋ ಮಗಳನ್ನೋ ಕಳಿಸುವ ಮನೆಯವರು ನಡುವಿನ ಈ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊರತೆಯಿದ್ದರೆ ಸಂಬಳ ಏರಬೇಕು; ಅಮೆರಿಕದಲ್ಲಿ ಹಾಗೇ ಆಯಿತು. ಇಲ್ಲಿ ಹೆಚ್ಚು ಕೊಡುವ ಕಡೆಗೆ ಹೋಗುವುದು ಸುಲಭವಲ್ಲ: 2017ರ ನಿಯಮದಂತೆ ಕ್ಯಾಪ್ಟನ್ ಕೆಲಸ ಬಿಡಲು ಒಂದು ವರ್ಷ, ಸಹಪೈಲಟ್ ಆರು ತಿಂಗಳು ಮೊದಲೇ ತಿಳಿಸಬೇಕು. 2023ರಲ್ಲಿ 40ಕ್ಕೂ ಹೆಚ್ಚು ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೋದರೆಂದು ಆಕಾಶ ಏರ್ ಹೈಕೋರ್ಟ್ ಮೆಟ್ಟಿಲೇರಿತ್ತು. ಕೊರತೆ ಎಷ್ಟಿದೆಯೆಂದು ಮತ್ತೆ ಕಂಡದ್ದು ಪೈಲಟ್‌ಗಳ ದುಡಿಮೆಯ ಅವಧಿಯ ನಿಯಮ ಬದಲಾದಾಗ. 2025ರ ನವೆಂಬರ್ ಹೊತ್ತಿಗೆ ಪೂರ್ಣವಾಗಿ ಜಾರಿಯಾದ ಈ ಹೊಸ ನಿಯಮಗಳು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ವೇಳೆ ವಿಮಾನ ಇಳಿಸುವ ಮಿತಿಯನ್ನು ಆರರಿಂದ ಎರಡಕ್ಕೆ ತಗ್ಗಿಸಿದವು. ಡಿಸೆಂಬರ್‌ನಲ್ಲಿ ಇಂಡಿಗೊ ಬಳಿ ಸಾಕಷ್ಟು ಪೈಲಟ್‌ಗಳಿಲ್ಲದೆ 5ನೇ ತಾರೀಖು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ಕಂಪನಿಗೆ ಕೆಲವು ರಾತ್ರಿ ನಿಯಮಗಳಿಂದ ಫೆಬ್ರುವರಿಯವರೆಗೆ ವಿನಾಯಿತಿ ಸಿಕ್ಕಿತು. ಪೈಲಟ್‌ಗಳ ಒಂದು ವರ್ಷದ ನೋಟಿಸ್ ಅವಧಿಯನ್ನು ಯಾರೂ ಸಡಿಲಿಸಲಿಲ್ಲ.