ಐಎಲ್‌ಎಸ್ ಇಳಿಕೆಯಲ್ಲಿ ಆಟೊಪೈಲಟ್ ದೋಷಗಳು

ರನ್‌ವೇ ಬಳಿಯಿಂದ ಬರುವ ರೇಡಿಯೋ ಸಂಕೇತಗಳ (ಐಎಲ್‌ಎಸ್, ಅಂದರೆ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್) ನೆರವಿನಿಂದ ಪ್ರಯಾಣಿಕ ವಿಮಾನವೊಂದು ಇಳಿಯುತ್ತಿರುವಾಗ ಅದರ ಸ್ವಯಂಚಾಲಿತ ನಿಯಂತ್ರಣ ವ್ಯವಸ್ಥೆ ದಾರಿ, ವೇಗ ಅಥವಾ ಮೂತಿಯ ಕೋನವನ್ನು ತಪ್ಪಿಸುವ ಸಂದರ್ಭಗಳು. ಹೆಸರಾದ ಪ್ರಕರಣಗಳಲ್ಲಿ ಯಂತ್ರ ಕೆಟ್ಟು ನಿಂತದ್ದು ಕಡಿಮೆ. ತಪ್ಪು ಮಾಹಿತಿ ಪಡೆದ, ಇಲ್ಲವೇ ಪೈಲಟ್‌ಗಳು ಅಂದುಕೊಂಡದ್ದಕ್ಕಿಂತ ಬೇರೆ ಮೋಡ್‌ನಲ್ಲಿದ್ದ ಯಂತ್ರ ತನ್ನ ವಿನ್ಯಾಸದಂತೆಯೇ ನಡೆದು ಅಪಾಯ ತಂದದ್ದೇ ಹೆಚ್ಚು.

ಕಾರ್ಯವಿಧಾನ

ಐಎಲ್‌ಎಸ್‌ನಲ್ಲಿ ಎರಡು ಮುಖ್ಯ ಪ್ರಸಾರಕಗಳಿವೆ. ರನ್‌ವೇಯ ಆಚೆ ತುದಿಯಲ್ಲಿರುವ ಲೋಕಲೈಸರ್ ನಡುಗೆರೆಯನ್ನು ತೋರಿಸುತ್ತದೆ. ಭೂಸ್ಪರ್ಶದ ಜಾಗದ ಪಕ್ಕದಲ್ಲಿರುವ ಗ್ಲೈಡ್‌ಸ್ಲೋಪ್, ಸಾಮಾನ್ಯವಾಗಿ 3 ಡಿಗ್ರಿಯ, ಇಳಿಜಾರನ್ನು ತೋರಿಸುತ್ತದೆ. ಎರಡೂ 90 ಮತ್ತು 150 ಹರ್ಟ್ಸ್‌ನ ಎರಡು ಸ್ವರಗಳನ್ನು ಹೊತ್ತು ತರುತ್ತವೆ. ಅವುಗಳ ಬಲಾಬಲವನ್ನು ಹೋಲಿಸಿ ವಿಮಾನ ತಾನು ಎಷ್ಟು ಆಚೀಚೆ ಅಥವಾ ಮೇಲೆ ಕೆಳಗೆ ಇದೆಯೆಂದು ತಿಳಿಯುತ್ತದೆ.

ಆಟೊಪೈಲಟ್ ವಿಮಾನದ ದಿಕ್ಕನ್ನೂ ಮೂತಿಯ ಏರಿಳಿತವನ್ನೂ ನಿಯಂತ್ರಿಸಿದರೆ ಆಟೊಥ್ರಾಟಲ್ ಎಂಜಿನ್ ಬಲವನ್ನು ನೋಡಿಕೊಳ್ಳುತ್ತದೆ. ನೆಲದಿಂದ ಇರುವ ಎತ್ತರವನ್ನು ರೇಡಿಯೋ ಆಲ್ಟಿಮೀಟರ್‌ಗಳು ಅಳೆಯುತ್ತವೆ. ಒಂದು ಭಾಗ ತಪ್ಪು ತಿಳಿವಳಿಕೆಯಲ್ಲಿದ್ದಾಗಲೂ ಇನ್ನೊಂದು ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು. ಆಗ ದೋಷ ಕಣ್ಣಿಗೆ ಬೀಳುವುದು ಕಷ್ಟ.

ಸ್ಕಿಪೋಲ್ ಅಪಘಾತ, 2009

ಹೀಗೆ ಕಣ್ಣಿಗೆ ಬೀಳದ ದೋಷಕ್ಕೆ ಸ್ಪಷ್ಟ ನಿದರ್ಶನ ಟರ್ಕಿಶ್ ಏರ್‌ಲೈನ್ಸ್‌ನ 1951ನೇ ವಿಮಾನದ ಅಪಘಾತ. 2009ರ ಫೆಬ್ರುವರಿ 25ರಂದು ಇಸ್ತಾಂಬುಲ್‌ನಿಂದ 135 ಜನರನ್ನು ಹೊತ್ತು ಬಂದ ಬೋಯಿಂಗ್ 737-800 ವಿಮಾನ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದಲ್ಲಿ ಇಳಿಯುತ್ತಿತ್ತು. ಸುಮಾರು 1,950 ಅಡಿ ಎತ್ತರದಲ್ಲಿದ್ದಾಗ ಎಡಬದಿಯ ರೇಡಿಯೋ ಆಲ್ಟಿಮೀಟರ್ ಥಟ್ಟನೆ ಮೈನಸ್ 8 ಅಡಿ ತೋರಿಸಿತು. ಆಟೊಥ್ರಾಟಲ್ ನಂಬಿದ್ದು ಅದನ್ನೇ. ಚಕ್ರಗಳು ಇನ್ನೇನು ನೆಲ ಮುಟ್ಟುತ್ತವೆ ಎಂಬ ಲೆಕ್ಕದಲ್ಲಿ ಅದು ಎಂಜಿನ್ ಬಲವನ್ನು ಕನಿಷ್ಠಕ್ಕೆ ಇಳಿಸುವ ಮೋಡ್‌ಗೆ ಹೋಯಿತು. ಬಲಬದಿಯ ಆಟೊಪೈಲಟ್‌ಗೆ ಎತ್ತರ ತಿಳಿಸುತ್ತಿದ್ದುದು ಸರಿಯಿದ್ದ ಬಲಬದಿಯ ಆಲ್ಟಿಮೀಟರ್. ಹಾಗಾಗಿ ಅದು ಗ್ಲೈಡ್‌ಸ್ಲೋಪ್ ಬಿಡದೆ ಇಳಿಯುತ್ತಲೇ ಇತ್ತು.

ವಿಮಾನವನ್ನು ರನ್‌ವೇಗೆ ಹತ್ತಿರದಲ್ಲೇ ತಿರುಗಿಸಲಾಗಿತ್ತು. ಹೀಗಾಗಿ ಅದು ಗ್ಲೈಡ್‌ಸ್ಲೋಪನ್ನು ಮೇಲಿನಿಂದ ಹಿಡಿಯಬೇಕಾಯಿತು. ಎತ್ತರವನ್ನೂ ವೇಗವನ್ನೂ ಕಳೆದುಕೊಳ್ಳಬೇಕಾದ ಆ ಹೊತ್ತಿನಲ್ಲಿ ಎಂಜಿನ್ ಬಲ ತಗ್ಗಿದ್ದು ಸಹಜವೆನಿಸಿ ದೋಷ ಮರೆಯಾಯಿತು. ಬೇಕಿದ್ದ 144 ನಾಟ್‌ಗಿಂತ ವೇಗ ಕುಸಿದಂತೆ ಇಳಿಜಾರನ್ನು ಕಾಯ್ದುಕೊಳ್ಳಲು ಆಟೊಪೈಲಟ್ ಮೂತಿಯನ್ನು ಮೇಲಕ್ಕೆತ್ತುತ್ತಾ ಹೋಯಿತು. 460 ಅಡಿಯಲ್ಲಿ, ವೇಗ ಅಪಾಯಕರವಾಗಿ ತಗ್ಗಿದಾಗ ನಿಯಂತ್ರಣ ಹಿಡಿಕೆಯನ್ನು ನಡುಗಿಸುವ ಸ್ಟಿಕ್ ಶೇಕರ್ ಎಚ್ಚರಿಸಿತು. ಸಹಪೈಲಟ್ ಥ್ರಾಟಲ್ ಮುಂದೂಡಿದರು, ಕ್ಯಾಪ್ಟನ್ ನಿಯಂತ್ರಣ ತೆಗೆದುಕೊಂಡರು. ಈ ಕೈಬದಲಾವಣೆಯ ನಡುವೆ, ಇನ್ನೂ ಚಾಲೂ ಇದ್ದ ಆಟೊಥ್ರಾಟಲ್ ಹಿಡಿಕೆಗಳನ್ನು ಮತ್ತೆ ಹಿಂದಕ್ಕೆಳೆಯಿತು. ಎಚ್ಚರಿಕೆ ಬಂದ 9 ಸೆಕೆಂಡುಗಳ ನಂತರ ಪೂರ್ಣ ಬಲ ಕೊಡುವಷ್ಟರಲ್ಲಿ ವಿಮಾನ ಸ್ಟಾಲ್ ಆಗಿತ್ತು, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡಿದ್ದವು. ರನ್‌ವೇಗೆ ಸುಮಾರು 1.5 ಕಿಲೋಮೀಟರ್ ಮೊದಲೇ ಹೊಲಕ್ಕೆ ಬಿದ್ದು ಮೂರು ತುಂಡಾಯಿತು. ಮೂವರು ಪೈಲಟ್‌ಗಳೂ ಸೇರಿ 9 ಮಂದಿ ಸತ್ತರು.

ಇದೇ ವಿಮಾನದಲ್ಲಿ ಅದರ ಹಿಂದಿನ ಎಂಟು ಹಾರಾಟಗಳ ಪೈಕಿ ಎರಡರಲ್ಲಿ ಇಂಥದೇ ದೋಷ ಕಾಣಿಸಿಕೊಂಡಿತ್ತು. ಆಗ ಪೈಲಟ್‌ಗಳು ಆಟೊಥ್ರಾಟಲ್ ಬಿಡಿಸಿ ಸುರಕ್ಷಿತವಾಗಿ ಇಳಿದಿದ್ದರು. ಡಚ್ ಸುರಕ್ಷತಾ ಮಂಡಳಿಯ 2010ರ ವರದಿ ಆಲ್ಟಿಮೀಟರ್ ದೋಷ, ಒಂದೇ ಮಾಪಕವನ್ನು ಅವಲಂಬಿಸಿದ ವಿನ್ಯಾಸ, ವಾಯು ಸಂಚಾರ ನಿಯಂತ್ರಣದ ನಿರ್ದೇಶನ, ವೇಗವನ್ನು ಗಮನಿಸದ ಸಿಬ್ಬಂದಿ ಈ ಎಲ್ಲವನ್ನೂ ಎತ್ತಿ ತೋರಿಸಿತು.

ಇತರ ಬಗೆಗಳು

ಸಂಕೇತದ ದೋಷ: ಗ್ಲೈಡ್‌ಸ್ಲೋಪ್ ಪ್ರಸಾರಕವು ಅಸಲಿ ಇಳಿಜಾರಿನ ಮೇಲೆ, ಸುಮಾರು 9 ಡಿಗ್ರಿಯಲ್ಲಿ, ಹುಸಿ ಇಳಿಜಾರನ್ನೂ ಉಂಟುಮಾಡುತ್ತದೆ. ತೀರಾ ಮೇಲಿನಿಂದ ಬರುವ ವಿಮಾನದಲ್ಲಿ ಆಟೊಪೈಲಟ್ ಇಂಥ ಸಂಕೇತಕ್ಕೆ ಸ್ಪಂದಿಸಿ ಮೂತಿಯನ್ನು ಹಠಾತ್ತನೆ ಎತ್ತಬಹುದು. 2013ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಹೀಗಾದಾಗ ಪೈಲಟ್‌ಗಳು ವಿಮಾನವನ್ನು ಸಾವರಿಸಿ ಗೋ-ಅರೌಂಡ್ ಮಾಡಿದರು, ಅಂದರೆ ಇಳಿಕೆ ಕೈಬಿಟ್ಟು ಮತ್ತೆ ಮೇಲೇರಿದರು. ಅಡ್ಡಬರುವ ವಿಮಾನಗಳೂ ಸಂಕೇತವನ್ನು ಕೆಡಿಸುತ್ತವೆ. 2011ರ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಸ್ವಯಂಚಾಲಿತವಾಗಿ ಇಳಿಯುತ್ತಿದ್ದ ಸಿಂಗಾಪುರ್ ಏರ್‌ಲೈನ್ಸ್‌ನ ಬೋಯಿಂಗ್ 777, ಮುಂದೆ ಹಾರಿಹೋದ ವಿಮಾನದಿಂದ ಲೋಕಲೈಸರ್ ಸಂಕೇತ ಏರುಪೇರಾಗಿ ರನ್‌ವೇ ಬಿಟ್ಟು ಹುಲ್ಲಿಗಿಳಿಯಿತು. ಪ್ರಾಣಹಾನಿಯಾಗಲಿಲ್ಲ.

ಮೋಡ್ ಗೊಂದಲ: 1994ರ ಏಪ್ರಿಲ್ 26ರಂದು ಜಪಾನಿನ ನಗೋಯಾದಲ್ಲಿ ಚೀನಾ ಏರ್‌ಲೈನ್ಸ್‌ನ ಏರ್‌ಬಸ್ ಎ300 ಇಳಿಯುವಾಗ ಸಹಪೈಲಟ್ ಅರಿಯದೆ ಗೋ-ಅರೌಂಡ್ ಗುಂಡಿ ಅದುಮಿದರು. ಆಟೊಪೈಲಟ್ ಮೂತಿಯನ್ನು ಎತ್ತಲು, ಪೈಲಟ್ ಇಳಿಸಲು ಹೆಣಗಿದರು. ಕೊನೆಗೆ ವಿಮಾನ ಸ್ಟಾಲ್ ಆಗಿ 264 ಮಂದಿ ಸತ್ತರು.

ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ 1990ರ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ಬಿದ್ದದ್ದು ಐಎಲ್‌ಎಸ್ ಇಳಿಕೆಯಲ್ಲಲ್ಲ. ಹಗಲಿನಲ್ಲಿ, ರನ್‌ವೇ ಕಣ್ಣಿಗೆ ಕಾಣುತ್ತಿದ್ದಾಗ. ಆದರೂ ಅದು ಮೋಡ್ ಗೊಂದಲದ ಬಗೆಗೆ ಸೇರುತ್ತದೆ. ಎಂಜಿನ್‌ಗಳು ಕನಿಷ್ಠ ಬಲದಲ್ಲೇ ಉಳಿಯುವ ಇಳಿಕೆಯ ಮೋಡ್‌ನಲ್ಲಿದ್ದ ವಿಮಾನ ವೇಗ ಕಳೆದುಕೊಂಡು ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು.

ತಡೆ ಕ್ರಮಗಳು

ಮೋಡ ಅಥವಾ ಮಂಜಿನಲ್ಲಿ ಇಳಿಯುವಾಗ ಸಾಮಾನ್ಯವಾಗಿ 1,000 ಅಡಿಯ ಹೊತ್ತಿಗೆ ದಾರಿ, ವೇಗ, ಎಂಜಿನ್ ಬಲ ಎಲ್ಲವೂ ಸ್ಥಿರವಾಗಿರಬೇಕು. ಇಲ್ಲದಿದ್ದರೆ ಗೋ-ಅರೌಂಡ್ ಮಾಡಬೇಕೆಂಬುದು ವಿಮಾನಯಾನ ಸಂಸ್ಥೆಗಳ ನಿಯಮ. ಒಬ್ಬ ಪೈಲಟ್ ವಿಮಾನ ನಡೆಸುವಾಗ ಇನ್ನೊಬ್ಬರು ವೇಗವನ್ನೂ ಫಲಕದ ಮೇಲಿನ ಮೋಡ್‌ಗಳನ್ನೂ ನೋಡಿ ಕೂಗಿ ಹೇಳಬೇಕು. ಕವಿದ ಮಂಜಿನಲ್ಲಿ ಸ್ವಯಂಚಾಲಿತ ಇಳಿಕೆ ನಡೆಯುವಾಗ ಐಎಲ್‌ಎಸ್ ಆಂಟೆನಾಗಳ ಸುತ್ತಲಿನ ಸೂಕ್ಷ್ಮ ವಲಯದೊಳಗೆ ಬೇರೆ ವಿಮಾನ, ವಾಹನಗಳನ್ನು ಬಿಡುವುದಿಲ್ಲ. 2022ರ ಜನವರಿಯಲ್ಲಿ ಅಮೆರಿಕದಲ್ಲಿ 5ಜಿ ಸೇವೆ ಆರಂಭವಾಗುವಾಗ ಅದರ ತರಂಗಗಳು ರೇಡಿಯೋ ಆಲ್ಟಿಮೀಟರ್‌ಗೆ ಅಡ್ಡಿಯಾದಾವೆಂಬ ಆತಂಕ ಎದ್ದಿತು. ಏರ್ ಇಂಡಿಯಾ ಸೇರಿ ಹಲವು ಸಂಸ್ಥೆಗಳು ಕೆಲವು ಹಾರಾಟಗಳನ್ನು ರದ್ದುಮಾಡಿದವು. ನಿಲ್ದಾಣಗಳ ಸಮೀಪದ 5ಜಿ ಗೋಪುರಗಳ ಬಳಕೆಯನ್ನು ದೂರವಾಣಿ ಕಂಪನಿಗಳು ಮಿತಗೊಳಿಸಬೇಕಾಯಿತು.